ಒಮ್ಮೆ ಬರೆದದ್ದನ್ನು ಮೂವತ್ತು ಬಾರಿ ಅಡಕ ಮಾಡುವುದೇಕೆ?

ಗೂಗಲ್‌ನ ಡೇಟಾ ಸೆಂಟರ್‌ಗಳಲ್ಲಿ ಪ್ರೊಸೆಸರ್‌ಗಳ ಹೊತ್ತು ಯಾವ ಕೆಲಸಕ್ಕೆ ಎಷ್ಟು ಹೋಗುತ್ತದೆ ಎಂದು ಅಳೆದ ಪ್ರಬಂಧವೊಂದು 2023ರಲ್ಲಿ ಪ್ರಕಟವಾಯಿತು. ದತ್ತಾಂಶವನ್ನು ಕಂಪ್ರೆಸ್ ಮಾಡುವುದಕ್ಕೂ ಅದನ್ನು ಮತ್ತೆ ಬಿಚ್ಚುವುದಕ್ಕೂ ಒಟ್ಟು ಹೊತ್ತಿನ ಶೇ 2.9ರಷ್ಟು ಖರ್ಚಾಗುತ್ತಿದೆ ಎನ್ನುತ್ತದೆ ಆ ಪ್ರಬಂಧ. ಕೇಳಲು ಚಿಕ್ಕ ಅಂಕಿ. ಆದರೆ ಲೆಕ್ಕ ಹಾಕಿದರೆ ಸುಮಾರು 34 ಸರ್ವರ್‌ಗಳಿಗೆ ಒಂದರಂತೆ ಹಗಲಿರುಳೂ ಇದೊಂದೇ ಕೆಲಸದಲ್ಲಿ ತೊಡಗಿದೆ ಎಂದಾಯಿತು. ಕೆಲವು ಮುಖ್ಯ ಸೇವೆಗಳಲ್ಲಂತೂ ಈ ಪಾಲು ಶೇ 10ರಿಂದ 50ರವರೆಗೆ ಏರುತ್ತದೆ. ಅದೇ ಪ್ರಬಂಧದ ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಕಂಪ್ರೆಸ್ ಆಗುವ ಬೈಟ್‌ಗಳಲ್ಲಿ ಶೇ 95ರಷ್ಟಕ್ಕೆ ಬಳಕೆಯಾಗುತ್ತಿರುವುದು ಕಡಿಮೆ ಸಾಮರ್ಥ್ಯದ ವಿಧಾನಗಳು, ಅದೂ ಪ್ರೊಸೆಸರ್ ಖರ್ಚು ಉಳಿಸಲೆಂದು. ಚೆನ್ನಾಗಿ ಅಡಕ ಮಾಡುವ ವಿದ್ಯೆ ಕೈಯಲ್ಲಿದೆ, ಬಳಸಲು ಕೈ ಹಿಂದೆಗೆಯುತ್ತದೆ. ಅಷ್ಟು ದೊಡ್ಡ ಕಂಪನಿಯದೇ ಈ ಪಾಡಾದರೆ, ಬಾಡಿಗೆಯ ಸರ್ವರ್‌ಗಳ ಮೇಲೆ ನಡೆಯುವ ಸಣ್ಣ ಸಂಸ್ಥೆಗಳದ್ದು ಬೇರೆ ಇರಲು ಸಾಧ್ಯವಿಲ್ಲ.

ಇದು ಎಂಜಿನಿಯರುಗಳ ಒಳಮನೆಯ ಮಾತು ಎಂದು ತಳ್ಳಿಹಾಕುವಂತಿಲ್ಲ. ಹಣ ಕಳಿಸಿದಾಗ, ಟಿಕೆಟ್ ಕಾಯ್ದಿರಿಸಿದಾಗ, ಆನ್‌ಲೈನ್ ಅಂಗಡಿಯಲ್ಲಿ ಸೀರೆ ಹುಡುಕಿದಾಗ ಉತ್ತರ ಕೊಡುವುದು ಹತ್ತಾರು, ಕೆಲವೊಮ್ಮೆ ಸಾವಿರಾರು ಯಂತ್ರಗಳಲ್ಲಿ ಹರಡಿಕೊಂಡ ಡೇಟಾಬೇಸ್. ಒಂದು ಯಂತ್ರ ಕೆಟ್ಟರೂ ಮಾಹಿತಿ ಉಳಿಯಲೆಂದು ಇಂಥ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್‌ಗಳು ಪ್ರತಿ ದಾಖಲೆಯನ್ನೂ ಸಾಮಾನ್ಯವಾಗಿ ಮೂರು ಯಂತ್ರಗಳಲ್ಲಿ ಇಡುತ್ತವೆ. ಜಾಗ ಮೂರು ಪಟ್ಟು ಬೇಕು, ಆದ್ದರಿಂದ ಕಂಪ್ರೆಷನ್ ಬೇಕು. ಅಲ್ಲಿಂದ ಶುರುವಾಗುತ್ತದೆ ಹಗ್ಗಜಗ್ಗಾಟ. ಸ್ಟೋರೇಜ್ ಬಿಲ್ ಏರಿದಾಗ ಒಬ್ಬರು ಬಂದು ಕಂಪ್ರೆಷನ್ ಹೆಚ್ಚಿಸಿ ಎನ್ನುತ್ತಾರೆ. ಸಿಪಿಯು ಗ್ರಾಫ್ ಕೆಂಪಾದಾಗ ಇನ್ನೊಬ್ಬರು ಬಂದು ಆಫ್ ಮಾಡಿ ಎನ್ನುತ್ತಾರೆ. ಇಬ್ಬರೂ ಅದನ್ನೊಂದು ಸ್ವಿಚ್ ಎಂದುಕೊಂಡಿದ್ದಾರೆ. ನನ್ನ ವಾದ ಇಷ್ಟೇ: ಇಲ್ಲಿ ಪ್ರೊಸೆಸರ್ ತೆರುವ ಬೆಲೆ ಯಾವ ಅಲ್ಗಾರಿದಮ್ ಆರಿಸಿದೆವು ಎನ್ನುವುದರಿಂದ ಬರುವುದು ಕಡಿಮೆ, ಒಂದೇ ದತ್ತಾಂಶವನ್ನು ಎಷ್ಟು ಸಲ ಅಡಕ ಮಾಡಿ ಎಷ್ಟು ಸಲ ಬಿಚ್ಚುತ್ತೇವೆ ಎನ್ನುವುದರಿಂದ ಬರುವುದು ಹೆಚ್ಚು. ಆ ಎಣಿಕೆಯನ್ನು ಬಹುಪಾಲು ಕಡೆ ಯಾರೂ ಇಟ್ಟಿರುವುದಿಲ್ಲ.

ಅಲ್ಗಾರಿದಮ್‌ಗಳನ್ನೇ ಮೊದಲು ನೋಡೋಣ, ಏಕೆಂದರೆ ಆ ದಿಕ್ಕಿನಿಂದ ಬಂದದ್ದೆಲ್ಲ ಒಳ್ಳೆಯ ಸುದ್ದಿಯೇ. ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಪ್ರಕಟಿಸಿದ ಒಂದು ಸರಳ ಯೋಚನೆ ಇವತ್ತಿಗೂ ಈ ಕ್ಷೇತ್ರದ ಬುನಾದಿ. ಹಿಂದೆ ಬಂದ ಅಕ್ಷರಸಾಲು ಮತ್ತೆ ಬಂದರೆ ಅದನ್ನು ಪೂರ್ತಿ ಬರೆಯದೆ ‘ಇಷ್ಟು ಹಿಂದೆ ಹೋಗಿ, ಇಷ್ಟು ಉದ್ದ ತೆಗೆದುಕೊ’ ಎಂದು ಬರೆದರೆ ಸಾಕು ಎನ್ನುವುದು ಆ ಯೋಚನೆ. 1990ರ ದಶಕದಲ್ಲಿ ಅದರ ಮೇಲೆ ಕಟ್ಟಿದ ಝಡ್‌ಲಿಬ್ ದೀರ್ಘಕಾಲ ಆಳಿತು. 2011ರಲ್ಲಿ ಗೂಗಲ್ ತನ್ನ ಸ್ನ್ಯಾಪಿ ಅಲ್ಗಾರಿದಮ್‌ನ್ನು ಎಲ್ಲರಿಗೂ ತೆರೆದಿಟ್ಟಿತು, ಅದೇ ವರ್ಷ ಯಾನ್ ಕೊಲೆ ಎಂಬ ಫ್ರೆಂಚ್ ಪ್ರೋಗ್ರಾಮರ್ ಎಲ್‌ಝಡ್4 ಹೊರತಂದರು. ಮುಂದೆ ಫೇಸ್‌ಬುಕ್ ಸೇರಿದ ಅವರಿಂದಲೇ 2016ರಲ್ಲಿ ಝಡ್-ಸ್ಟ್ಯಾಂಡರ್ಡ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಇವುಗಳ ಅಂತರ ಸಣ್ಣದಲ್ಲ. ಎಲ್ಲರೂ ಬಳಸುವ ಒಂದು ಮಾದರಿ ಕಡತಗುಚ್ಛದ ಮೇಲೆ, ಒಂದು ಡೆಸ್ಕ್‌ಟಾಪ್ ಪ್ರೊಸೆಸರ್‌ನ ಒಂದೇ ಕೋರ್‌ನಲ್ಲಿ, ಝಡ್‌ಲಿಬ್‌ನ ಅತಿ ವೇಗದ ಹಂತ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಅಡಕ ಮಾಡಿ ಗಾತ್ರವನ್ನು 2.7 ಪಟ್ಟು ಇಳಿಸುತ್ತದೆ. ಝಡ್-ಸ್ಟ್ಯಾಂಡರ್ಡ್ ಅದರ ಐದು ಪಟ್ಟು ವೇಗದಲ್ಲಿ 2.9 ಪಟ್ಟು ಇಳಿಸುತ್ತದೆ. ಎಲ್‌ಝಡ್4 ಬರೀ 2.1 ಪಟ್ಟು ಇಳಿಸಿದರೂ ಬಿಚ್ಚುವಾಗ ಸೆಕೆಂಡಿಗೆ ಸುಮಾರು 4 ಗಿಗಾಬೈಟ್ ಓಡಿಸುತ್ತದೆ, ಝಡ್‌ಲಿಬ್‌ಗಿಂತ ಹತ್ತು ಪಟ್ಟು ಚುರುಕು. ಒಂದು ಬೈಟ್ ಅಡಕ ಮಾಡುವ ಬೆಲೆ ಇಷ್ಟು ಅಗ್ಗವಾಗಿದ್ದರೂ ಸರ್ವರ್‌ಗಳ ಮೇಲಿನ ಹೊರೆ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ ಎಂದಮೇಲೆ ತಪ್ಪು ಬೇರೆಲ್ಲೋ ಇದೆ.

ಓದುವ ಕಡೆಯಿಂದ ಹುಡುಕೋಣ. ಫೇಸ್‌ಬುಕ್‌ನಲ್ಲಿ ಹುಟ್ಟಿ 2008ರಲ್ಲಿ ಎಲ್ಲರಿಗೂ ತೆರೆದುಕೊಂಡ ಕಸಾಂಡ್ರ ಡೇಟಾಬೇಸ್‌ನ್ನೇ ತೆಗೆದುಕೊಳ್ಳಿ. ಅದು ಕಡತವನ್ನು ತುಂಡು ತುಂಡಾಗಿ ಕಂಪ್ರೆಸ್ ಮಾಡುತ್ತದೆ, ಬಹುಕಾಲ ಒಂದು ತುಂಡಿನ ಗಾತ್ರ 64 ಕಿಲೋಬೈಟ್ ಇತ್ತು. ಗ್ರಾಹಕರೊಬ್ಬರ 200 ಬೈಟಿನ ದಾಖಲೆ ಬೇಕಾದರೂ ಆ ತುಂಡು ಪೂರ್ತಿ ಬಿಚ್ಚಲೇಬೇಕು. ಒಂದು ಹಿಡಿ ಅಕ್ಕಿಗೆಂದು ಮೂಟೆಯನ್ನೇ ಸುರಿದಂತೆ. ಬೇಕಾದ್ದರ 300 ಪಟ್ಟಿಗೂ ಮಿಕ್ಕಿದ ಕೆಲಸ. ಎಲ್‌ಝಡ್4 ಇದ್ದರೆ ಒಂದು ತುಂಡು ಬಿಚ್ಚಲು ಸುಮಾರು 16 ಮೈಕ್ರೋಸೆಕೆಂಡ್, ಝಡ್‌ಲಿಬ್ ಆದರೆ 160. ಒಂದು ಸರ್ವರ್ ಸೆಕೆಂಡಿಗೆ 50,000 ದಾಖಲೆ ಓದುತ್ತಿದೆ, ಪ್ರತಿ ಸಲವೂ ಹೊಸ ತುಂಡೇ ಬಿಚ್ಚಬೇಕು ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ ಒಂದು ಕೋರ್‌ಗಿಂತ ತುಸು ಕಡಿಮೆ ಸಾಕು, ಎರಡನೆಯದಕ್ಕೆ ಎಂಟು ಕೋರ್ ಬೇಕು. ಇಲ್ಲಿ ಎಲ್ಲರ ಕಣ್ಣು ಹೋಗುವುದು ಅಲ್ಗಾರಿದಮ್ ಕಡೆಗೆ. ಆದರೆ ತುಂಡನ್ನು 16 ಕಿಲೋಬೈಟಿಗೆ ಇಳಿಸಿದರೆ ಯಾವ ಅಲ್ಗಾರಿದಮ್ ಇದ್ದರೂ ಖರ್ಚು ಕಾಲುಭಾಗಕ್ಕೆ ಬರುತ್ತದೆ. 2021ರ 4.0 ಆವೃತ್ತಿಯಲ್ಲಿ ಕಸಾಂಡ್ರ ಅಭಿವೃದ್ಧಿಗಾರರು ಮಾಡಿದ್ದು ಇದನ್ನೇ. ಬಿಟ್ಟಿಯಾಗಿ ಬಂದದ್ದಲ್ಲ ಅದು: ಸಣ್ಣ ತುಂಡಿನಲ್ಲಿ ಪುನರಾವರ್ತನೆ ಕಡಿಮೆ ಸಿಗುವುದರಿಂದ ಅಡಕ ಸ್ವಲ್ಪ ಸಡಿಲಾಗುತ್ತದೆ, ಜೊತೆಗೆ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ ಉದ್ದವಾಗುತ್ತದೆ. ತುಂಡಿಗೆ 8 ಬೈಟಿನಂತೆ, ಒಂದು ಟೆರಾಬೈಟ್ ದತ್ತಾಂಶಕ್ಕೆ 64 ಕಿಲೋಬೈಟಿನಲ್ಲಿ 128 ಮೆಗಾಬೈಟ್ ಮೆಮೊರಿ ತಿನ್ನುತ್ತಿದ್ದ ಪಟ್ಟಿ, 16ಕ್ಕೆ ಇಳಿಸಿದಾಗ 512 ಮೆಗಾಬೈಟ್ ತಿನ್ನುತ್ತದೆ. ಆದರೂ ಲಾಭದ ವ್ಯಾಪಾರ. ಹಳೆಯ ಆವೃತ್ತಿಯಲ್ಲಿ ಕಟ್ಟಿದ ಟೇಬಲ್‌ಗಳು ಮಾತ್ರ ಯಾರಾದರೂ ಕೈಯಾರೆ ಬದಲಿಸುವವರೆಗೆ ಹಳೆಯ ಲೆಕ್ಕದಲ್ಲೇ ನಡೆಯುತ್ತಿರುತ್ತವೆ, ಆ ‘ಯಾರಾದರೂ’ ಬಹಳ ಸಲ ಯಾರೂ ಅಲ್ಲ.

ಬರೆಯುವ ಕಡೆ ಪುನರಾವರ್ತನೆ ಇನ್ನೂ ಜೋರು. ಕಸಾಂಡ್ರ, ರಾಕ್ಸ್‌ಡಿಬಿ ಮೊದಲಾದ ಸಂಗ್ರಹ ವ್ಯವಸ್ಥೆಗಳು ಹೊಸ ದಾಖಲೆಗಳನ್ನು ಹಳೆಯ ಕಡತದಲ್ಲಿ ತಿದ್ದುವುದಿಲ್ಲ. ಹೊಸ ಕಡತವಾಗಿ ಇಳಿಸುತ್ತವೆ, ಆಮೇಲೆ ಹಿನ್ನೆಲೆಯಲ್ಲಿ ಸಣ್ಣ ಕಡತಗಳನ್ನು ಸೇರಿಸಿ ದೊಡ್ಡ ಕಡತ ಮಾಡುತ್ತ ಹೋಗುತ್ತವೆ. ಈ ಕೆಲಸಕ್ಕೆ ಕಂಪ್ಯಾಕ್ಷನ್ ಎನ್ನುತ್ತಾರೆ. ಸೇರಿಸಬೇಕಾದರೆ ಕಂಪ್ರೆಸ್ ಆದದ್ದನ್ನು ಬಿಚ್ಚಬೇಕು, ಬೆರೆಸಬೇಕು, ಮತ್ತೆ ಕಂಪ್ರೆಸ್ ಮಾಡಬೇಕು. ದತ್ತಾಂಶ ಚಿಕ್ಕ ಮೇಲಿನ ಹಂತದಿಂದ ದೊಡ್ಡ ಕೆಳಗಿನ ಹಂತಗಳಿಗೆ ಒಂದೊಂದಾಗಿ ಇಳಿಯುವ ವ್ಯವಸ್ಥೆಯಲ್ಲಿ ಒಂದು ದಾಖಲೆ ಕೊನೆಯ ಹಂತ ತಲುಪುವಷ್ಟರಲ್ಲಿ ಹತ್ತು ಸಲ ಹೀಗೆ ಮರುಬರಹವಾಗುವುದು ಸಾಮಾನ್ಯ. ಇದನ್ನು ಮೂರು ಪ್ರತಿಗಳಿಗೆ ಗುಣಿಸಿ. ಪ್ರತಿಯೊಂದು ಯಂತ್ರವೂ ಪಕ್ಕದ ಯಂತ್ರ ಆಗಲೇ ಮಾಡಿ ಮುಗಿಸಿದ ಕೆಲಸವನ್ನು ತಾನೂ ಮೊದಲಿನಿಂದ ಮಾಡುತ್ತದೆ. ಬಳಕೆದಾರ ಒಮ್ಮೆ ‘ಸಬ್ಮಿಟ್’ ಒತ್ತಿದ್ದು ಈ ಯಂತ್ರಗಳ ಗುಂಪಿನಲ್ಲಿ, ಅಂದರೆ ಕ್ಲಸ್ಟರಿನಲ್ಲಿ, ಮೂವತ್ತು ಬಾರಿ ಅಡಕಗೊಳ್ಳುತ್ತದೆ. ಇಂಥ ಕಡೆ ಒಂದೇ ಭಾರದ ಅಲ್ಗಾರಿದಮ್‌ನ್ನು ಎಲ್ಲ ಹಂತಕ್ಕೂ ಹಾಕುವುದು ಮೈಮೇಲೆ ಎಳೆದುಕೊಂಡ ದಂಡ.

ಇದಕ್ಕೆ ಉತ್ತರ ಹೊಸದೇನಲ್ಲ, ಕೆಲವರು ಆಗಲೇ ಕಂಡುಕೊಂಡಿದ್ದಾರೆ. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೂಡ ಬಳಸುವ ಟೈಡಿಬಿ ಎಂಬ ಡೇಟಾಬೇಸಿನ ಅಡಿಯಲ್ಲಿ ಟೈಕೆವಿ ಎಂಬ ಸಂಗ್ರಹ ಪದರವಿದೆ. ಅದರಲ್ಲಿ ಏಳು ಹಂತ. ಮೊದಲೆರಡು ಹಂತಕ್ಕೆ ಕಂಪ್ರೆಷನ್ನೇ ಇಲ್ಲ, ನಡುವಿನ ಮೂರಕ್ಕೆ ಹಗುರವಾದ ಎಲ್‌ಝಡ್4, ಕೊನೆಯ ಎರಡಕ್ಕೆ ಮಾತ್ರ ಝಡ್-ಸ್ಟ್ಯಾಂಡರ್ಡ್; ತಯಾರಕರೇ ಕೊಟ್ಟಿರುವ ವ್ಯವಸ್ಥೆ ಇದು. ಮೇಲಿನ ಹಂತದ ದತ್ತಾಂಶ ಬೇಗ ಬೇಗ ಮರುಬರಹವಾಗುತ್ತದೆ, ಆದರೆ ಗಾತ್ರ ಅತ್ಯಲ್ಪ. ಒಂದು ಹಂತಕ್ಕಿಂತ ಮುಂದಿನದು ಹತ್ತು ಪಟ್ಟು ದೊಡ್ಡದಾಗಿರುವಲ್ಲಿ ಒಟ್ಟು ದತ್ತಾಂಶದ ಶೇ 90ರಷ್ಟು ಕೊನೆಯ ಹಂತದಲ್ಲೇ ಕೂತಿರುತ್ತದೆ, ಅಲ್ಲಿಗೆ ಓದು ಬರಹ ಎರಡೂ ವಿರಳ. ಉಳಿಯುವ ಜಾಗವೆಲ್ಲ ಅಲ್ಲಿದೆ, ಖರ್ಚಾಗುವ ಪ್ರೊಸೆಸರ್ ಹೊತ್ತು ಮೇಲಿನ ಹಂತಗಳಲ್ಲಿದೆ. ಎರಡೂ ಕಡೆ ಒಂದೇ ನಿಯಮ ಹಾಕಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಕಸಾಂಡ್ರ 4.0 ಕೂಡ ಅದೇ ದಾರಿ ಹಿಡಿದು, ಟೇಬಲ್‌ಗೆ ಭಾರದ ಅಲ್ಗಾರಿದಮ್ ಆರಿಸಿದ್ದರೂ ಮೊದಲ ಸಲ ಡಿಸ್ಕಿಗೆ ಇಳಿಸುವಾಗ ಹಗುರದ್ದನ್ನೇ ಬಳಸುತ್ತದೆ. ಹೊಸ ಯಂತ್ರ ಸೇರಿದಾಗ ಸಾಧ್ಯವಿದ್ದಲ್ಲೆಲ್ಲ ಇಡೀ ಕಡತವನ್ನು ಕಂಪ್ರೆಸ್ ಆದ ಸ್ಥಿತಿಯಲ್ಲೇ ದಾಟಿಸುತ್ತದೆ. ಮೊದಲು ಬಂದದ್ದನ್ನು ಬಿಚ್ಚಿ ಮತ್ತೆ ಬರೆದುಕೊಳ್ಳುತ್ತಿತ್ತು. ಅಲ್ಗಾರಿದಮ್ ಬದಲಾಯಿಸದೆಯೇ ಕೆಲಸ ಇಳಿಯಿತು.

ನೆಟ್‌ವರ್ಕ್ ವಿಷಯದಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ, ಲೆಕ್ಕ ತಾನೇ ಮಾತಾಡುತ್ತದೆ. ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ತಂತಿ ಎಂದರೆ 12.5 ಗಿಗಾಬೈಟ್, ಅಷ್ಟನ್ನೂ ಸೆಕೆಂಡಿಗೆ 500 ಮೆಗಾಬೈಟ್ ವೇಗದಲ್ಲಿ ಕಂಪ್ರೆಸ್ ಮಾಡಲು 25 ಕೋರ್ ಬೇಕು. ಒಂದೇ ಕಟ್ಟಡದೊಳಗೆ ಇದು ಹುಚ್ಚುತನ. ಊರಿಂದೂರಿಗೆ, ಬೈಟಿನ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕಳಿಸುವಾಗ ಜಾಣತನ. ಕಸಾಂಡ್ರದ ಮೂಲ ಸಂಯೋಜನೆಯಲ್ಲೇ ಡೇಟಾ ಸೆಂಟರ್‌ಗಳ ನಡುವಿನ ಸಂಚಾರಕ್ಕೆ ಮಾತ್ರ ಕಂಪ್ರೆಷನ್ ಇರುವುದು ಇದಕ್ಕೇ.

ಈಗ ಆಕ್ಷೇಪಗಳು. ಮೊದಲನೆಯದು ಎಲ್ಲರ ಬಾಯಲ್ಲೂ ಇರುವುದು: ಡಿಸ್ಕ್ ಅಗ್ಗವಾಗಿದೆ, ಕಂಪ್ರೆಷನ್ನೇ ಬೇಡ. ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪಬೇಕು. ತಿರುಗುವ ಡಿಸ್ಕ್‌ಗಳ ಕಾಲದಲ್ಲಿ ಓದುವುದೇ ಎಷ್ಟು ನಿಧಾನವಿತ್ತೆಂದರೆ, ಕಂಪ್ರೆಸ್ ಆದ ಚಿಕ್ಕ ಕಡತ ಓದಿ ಬಿಚ್ಚುವುದೇ ದೊಡ್ಡ ಕಡತ ಓದುವುದಕ್ಕಿಂತ ಬೇಗ ಮುಗಿಯುತ್ತಿತ್ತು. ಈಗಿನ ಎನ್‌ವಿಎಂಇ ಫ್ಲ್ಯಾಶ್ ಡ್ರೈವ್‌ಗಳು ಸೆಕೆಂಡಿಗೆ ಹಲವು ಗಿಗಾಬೈಟ್ ಕೊಡುತ್ತವೆ; 400 ಮೆಗಾಬೈಟ್ ವೇಗದಲ್ಲಿ ಬಿಚ್ಚುವ ಝಡ್‌ಲಿಬ್ ಅವುಗಳ ಮುಂದೆ ಅಡ್ಡಗಾಲು. ಹಳೆಯ ಸಮರ್ಥನೆ ಬಿದ್ದುಹೋಗಿದೆ. ಆದರೆ ಜಾಗದ ಸಮರ್ಥನೆ ಬಿದ್ದಿಲ್ಲ. ಫೇಸ್‌ಬುಕ್ ತನ್ನ ಮುಖ್ಯ ಡೇಟಾಬೇಸ್‌ನ್ನು ಆಗಲೇ ಕಂಪ್ರೆಸ್ ಆಗಿದ್ದ ಇನ್ನೋಡಿಬಿ ಎಂಬ ಸಂಗ್ರಹ ಪದರದಿಂದ ರಾಕ್ಸ್‌ಡಿಬಿ ಆಧಾರಿತ ಮೈರಾಕ್ಸ್‌ಗೆ ಸಾಗಿಸಿದಾಗ ಅದಕ್ಕೆ ಬೇಕಾದ ಜಾಗ ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿ ಮೊದಲು ತುಂಬಿಹೋಗುತ್ತಿದ್ದುದು ಫ್ಲ್ಯಾಶ್ ಜಾಗ, ಪ್ರೊಸೆಸರ್ ಬಿಡುವಾಗಿಯೇ ಇತ್ತು. ಬಿಡುವಿನ ಪ್ರೊಸೆಸರ್ ಸುಮ್ಮನೆ ಕೂತರೂ ಅದಕ್ಕೆ ಕೊಟ್ಟ ಹಣ ವಾಪಸ್ಸು ಬರುವುದಿಲ್ಲ. ಮೂರು ಪ್ರತಿಗಳ ಲೋಕದಲ್ಲಿ ಒಂದು ಟೆರಾಬೈಟ್ ಉಳಿಸಿದರೆ ಮೂರು ಉಳಿದಂತೆ ಎನ್ನುವುದನ್ನೂ, ಬ್ಯಾಕಪ್ ಅದರ ಮೇಲೆ ಬೇರೆ ಎನ್ನುವುದನ್ನೂ ‘ಡಿಸ್ಕ್ ಅಗ್ಗ’ ಎನ್ನುವವರು ಮರೆಯುತ್ತಾರೆ. ಇಡೀ ಕ್ಲಸ್ಟರಿಗೆ ಕಂಪ್ರೆಷನ್ ಆಫ್ ಮಾಡುವುದು, ತಲೆನೋವಿಗೆ ತಲೆಯನ್ನೇ ತೆಗೆಯುವ ಚಿಕಿತ್ಸೆ.

ಎಲ್ಲಿ ಆಫ್ ಮಾಡಲೇಬೇಕೋ ಅಲ್ಲಿ ಮಾತ್ರ ಯಾರೂ ಮಾಡುವುದಿಲ್ಲ ಎನ್ನುವುದು ಇದರ ಇನ್ನೊಂದು ಮುಖ. ಜೆಪೆಗ್ ಚಿತ್ರ, ವಿಡಿಯೊ, ಎನ್‌ಕ್ರಿಪ್ಟ್ ಮಾಡಿದ ಕಡತ, ಇವುಗಳಲ್ಲಿ ಇನ್ನು ಹಿಂಡಲು ಏನೂ ಉಳಿದಿರುವುದಿಲ್ಲ. ಆಧಾರ್ ನೋಂದಣಿಯ ಕಡತ ನೋಂದಣಿ ಕೇಂದ್ರದ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಆಗಿ ಬೆಂಗಳೂರು ಮತ್ತು ಮಾನೇಸರದ ಡೇಟಾ ಸೆಂಟರ್‌ಗಳತ್ತ ಹೊರಡುತ್ತದೆ. ಅಂಥ ಕಡತ ಯಾವ ಅಲ್ಗಾರಿದಮ್‌ಗೂ ಬಗ್ಗುವುದಿಲ್ಲ, ಬಗ್ಗಬಾರದು ಕೂಡ. ಬಗ್ಗಿದರೆ ಎನ್‌ಕ್ರಿಪ್ಷನ್ ದುರ್ಬಲ ಎಂದೇ ಅರ್ಥ. ಎಂಟರಲ್ಲೊಂದು ಪಾಲಾದರೂ ಉಳಿಯದ ತುಂಡನ್ನು ರಾಕ್ಸ್‌ಡಿಬಿ ಇದ್ದಂತೆಯೇ ಇಡುತ್ತದೆ, ಆದರೆ ಉಳಿಯುವುದಿಲ್ಲ ಎಂದು ತಿಳಿಯಲು ಒಮ್ಮೆ ಕಂಪ್ರೆಸ್ ಮಾಡಿ ನೋಡಲೇಬೇಕಲ್ಲ, ಅದೂ ಪ್ರತಿ ಕಂಪ್ಯಾಕ್ಷನ್‌ನಲ್ಲಿ. ಇದನ್ನು ಮೊದಲೇ ಬಲ್ಲವರು ಟೇಬಲ್ ವಿನ್ಯಾಸ ಮಾಡಿದ ಮನುಷ್ಯರು ಮಾತ್ರ.

ವಿನ್ಯಾಸ ಎಂದಾಗ ನನ್ನ ವಾದದ ಗಟ್ಟಿ ಸಾಕ್ಷಿ ನೆನಪಾಗುತ್ತದೆ. 2006ರಲ್ಲಿ ಗೂಗಲ್ ಪ್ರಕಟಿಸಿದ ಬಿಗ್‌ಟೇಬಲ್ ಪ್ರಬಂಧದಲ್ಲಿ ವೆಬ್ ಪುಟಗಳ ಸಂಗ್ರಹವೊಂದರ ಪ್ರಯೋಗವಿದೆ. ಜಿಝಿಪ್ ಎಂಬ ಕಂಪ್ರೆಷನ್ ವಿಧಾನ ಇಂಥ ಪುಟಗಳನ್ನು ಮೂರು ನಾಲ್ಕು ಪಟ್ಟು ಅಡಕ ಮಾಡಬಲ್ಲದು. ಗೂಗಲ್ ಬಳಸಿದ್ದು ಜಿಝಿಪ್‌ಗಿಂತ ವೇಗವಾದ, ಸ್ಥಳಕ್ಕಿಂತ ಸಮಯಕ್ಕೆ ಒತ್ತು ಕೊಟ್ಟ ವಿಧಾನ. ಆದರೂ ಅಡಕ ಹತ್ತು ಪಟ್ಟು ಸಿಕ್ಕಿತು. ಗುಟ್ಟು ಅಲ್ಗಾರಿದಮ್‌ನಲ್ಲಿರಲಿಲ್ಲ. ಸಾಲಿನ ಹೆಸರನ್ನು ಅವರು ಜಾಲತಾಣದ ವಿಳಾಸ ತಿರುಗುಮುರುಗಾಗಿ ಬರೆದು ಕಟ್ಟಿದ್ದರು, ಹಾಗಾಗಿ ಒಂದೇ ತಾಣದ ಪುಟಗಳೆಲ್ಲ ಒಂದರ ಪಕ್ಕ ಒಂದು ಬಂದು ಕೂತವು. ಅವುಗಳ ತಲೆಬರಹ, ಮೆನು, ಅಡಿಬರಹ ಎಲ್ಲವೂ ಒಂದೇ. ಫೇಸ್‌ಬುಕ್ 2015ರಲ್ಲಿ ವಿವರಿಸಿದ ಗೊರಿಲ್ಲಾ ಇನ್ನೂ ಮುಂದೆ ಹೋಗುತ್ತದೆ. ಸರ್ವರ್‌ಗಳ ಆರೋಗ್ಯದ ಅಂಕಿಗಳನ್ನು ಇಡುವ ಈ ವ್ಯವಸ್ಥೆಗೆ ಪ್ರತಿ ಅಂಕಿಯೂ 16 ಬೈಟ್: ಸಮಯಕ್ಕೆ ಎಂಟು, ಮೌಲ್ಯಕ್ಕೆ ಎಂಟು. ನಿಮಿಷಕ್ಕೊಮ್ಮೆ ಬರುವ ಅಂಕಿಯಲ್ಲಿ ಹಿಂದಿನ ಅಂತರವೂ 60 ಸೆಕೆಂಡ್, ಈಗಿನದೂ 60 ಸೆಕೆಂಡ್. ಅಂತರಗಳ ಅಂತರ ಸೊನ್ನೆ, ಅದನ್ನು ಬರೆಯಲು ಒಂದೇ ಬಿಟ್ ಸಾಕು. ಶೇ 96ರಷ್ಟು ಸಮಯದ ಗುರುತುಗಳು ಹೀಗೆ ಒಂದು ಬಿಟ್‌ಗೆ ಇಳಿದವು, ಒಟ್ಟಾರೆ 16 ಬೈಟ್ ಸರಾಸರಿ 1.37 ಬೈಟ್ ಆಯಿತು. ಮಾಡಿದ್ದು ಒಂದೆರಡು ಕಳೆಯುವ ಲೆಕ್ಕ, ಒಂದು ಹೋಲಿಕೆ. ಹಿಂದೆ ಹೋಗಿ ಹುಡುಕುವ ಶ್ರಮವೇ ಇಲ್ಲ. ದತ್ತಾಂಶದ ಸ್ವಭಾವ ಬಲ್ಲವನಿಗೆ ಅಡಕ ಮತ್ತು ವೇಗ ಒಟ್ಟಿಗೇ ಸಿಗುತ್ತವೆ, ಅರಿಯದವನು ಆ ಅಜ್ಞಾನದ ಬೆಲೆಯನ್ನು ಪ್ರೊಸೆಸರ್‌ನಿಂದ ಕೊಡಿಸುತ್ತಾನೆ.

ಇಷ್ಟೆಲ್ಲ ಕೂತು ಯೋಚಿಸುವ ಎಂಜಿನಿಯರ್‌ನ ಸಂಬಳ ಪ್ರೊಸೆಸರ್‌ಗಿಂತ ದುಬಾರಿಯಲ್ಲವೇ ಎನ್ನುವುದು ಎರಡನೇ ಆಕ್ಷೇಪ, ಮತ್ತು ಇದು ಮೊದಲನೆಯದಕ್ಕಿಂತ ತೂಕದ್ದು. ಮೂರು ಯಂತ್ರಗಳ ಕ್ಲಸ್ಟರ್ ಇಟ್ಟುಕೊಂಡವರು ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ತಯಾರಕರು ಕೊಟ್ಟ ಸಂಯೋಜನೆಯನ್ನೇ ಇಟ್ಟುಕೊಂಡು ಬೇರೆ ಕೆಲಸ ನೋಡಲಿ. ಆದರೆ ಮುನ್ನೂರು ಯಂತ್ರ ಇರುವಲ್ಲಿ ಎಂಜಿನಿಯರ್‌ನ ಎರಡು ವಾರ ಒಂದೇ ಸಲದ ಖರ್ಚು, ಬಿಲ್ ತಿಂಗಳು ತಿಂಗಳೂ ಬರುವುದು. ಅಳೆಯುವುದೂ ದೊಡ್ಡ ತಪಸ್ಸಲ್ಲ. ಒಂದು ಯಂತ್ರದ ಪ್ರೊಫೈಲ್ ತೆಗೆದು, ಕಂಪ್ರೆಸ್ ಮಾಡುವ ಮತ್ತು ಬಿಚ್ಚುವ ಫಂಕ್ಷನ್‌ಗಳ ಪಾಲು ಎಷ್ಟು, ಅದರಲ್ಲಿ ಓದಿನದೆಷ್ಟು, ಕಂಪ್ಯಾಕ್ಷನ್‌ನದೆಷ್ಟು ಎಂದು ಬೇರ್ಪಡಿಸಿದರೆ ಯಾವ ಕಡೆ ಕೈ ಹಾಕಬೇಕೆಂಬುದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. ಬೇರೆಯವರ ಬೆಂಚ್‌ಮಾರ್ಕ್ ಪಟ್ಟಿ ಇದಕ್ಕೆ ಒದಗುವುದಿಲ್ಲ. ನಾನು ಮೇಲೆ ಕೊಟ್ಟ ವೇಗಗಳೂ ಮಾದರಿ ಕಡತಗಳವೇ, ನಿಮ್ಮ ಟೇಬಲಿನವಲ್ಲ.

ಮೂರನೆಯ ಆಕ್ಷೇಪ ಆಶಾವಾದಿಗಳದ್ದು: ಹಾರ್ಡ್‌ವೇರ್ ಬಂದು ಎಲ್ಲ ಸರಿಮಾಡುತ್ತದೆ. ಐಬಿಎಂ 2019ರ ಝಡ್15 ಯಂತ್ರದ ಚಿಪ್‌ನೊಳಗೇ ಕಂಪ್ರೆಷನ್ ಘಟಕ ಇಟ್ಟಿತು, ಇಂಟೆಲ್ 2023ರ ಸರ್ವರ್ ಪ್ರೊಸೆಸರ್‌ಗಳಲ್ಲಿ ಕ್ವಿಕ್‌ಅಸಿಸ್ಟ್ ಘಟಕವನ್ನು ಒಳಸೇರಿಸಿತು. ಮೊದಲು ಹೇಳಿದ ಗೂಗಲ್ ಪ್ರಬಂಧ ಬರೆದದ್ದೂ ಇಂಥದೇ ಘಟಕದ ವಿನ್ಯಾಸಕ್ಕಾಗಿ. ಶೇ 95ರ ಆ ಜಿಪುಣತನ ಇವುಗಳಿಂದ ಸಡಿಲವಾದೀತು, ಸಂತೋಷ. ಆದರೆ 16 ಕಿಲೋಬೈಟಿನ ಒಂದು ತುಂಡನ್ನು ಘಟಕಕ್ಕೆ ಒಪ್ಪಿಸಿ ಉತ್ತರಕ್ಕೆ ಕಾಯುವ ಹೊತ್ತಿಗೆ ಎಲ್‌ಝಡ್4 ತನ್ನ ಕೆಲಸ ಮುಗಿಸಿಯೇ ಬಿಟ್ಟಿರುವ ಸಾಧ್ಯತೆ ಇದೆ, ಹಾಗಾಗಿ ಓದಿನ ದಾರಿಗಿಂತ ಕಂಪ್ಯಾಕ್ಷನ್‌ಗೇ ಇವು ಹೆಚ್ಚು ಹೊಂದುತ್ತವೆ. ಆ ಕಂಪ್ಯಾಕ್ಷನ್ ಮೂರು ಯಂತ್ರಗಳಲ್ಲಿ ಮೂರು ಸಲ ನಡೆಯುವುದನ್ನು ಯಾವ ಚಿಪ್ಪೂ ತಪ್ಪಿಸದು. ತಪ್ಪಿಸುವ ದಾರಿ ಬೇರೆ: ಸ್ನೋಫ್ಲೇಕ್‌ನಂಥ ವ್ಯವಸ್ಥೆಗಳು ಸಂಗ್ರಹವನ್ನು ಲೆಕ್ಕ ಮಾಡುವ ಯಂತ್ರಗಳಿಂದ ಬೇರ್ಪಡಿಸಿ, ಒಮ್ಮೆ ಅಡಕ ಮಾಡಿದ ಕಡತವನ್ನು ಹಂಚಿಕೊಂಡ ಕ್ಲೌಡ್ ಸಂಗ್ರಹದಲ್ಲಿ ಇಟ್ಟುಬಿಡುತ್ತವೆ, ಪ್ರತಿಗಳ ಚಿಂತೆ ಸಂಗ್ರಹದ್ದು, ಅದು ಬೈಟ್‌ಗಳನ್ನು ಇದ್ದಂತೆಯೇ ನಕಲು ಮಾಡುತ್ತದೆ. ವಿಶ್ಲೇಷಣೆಯ ಕೆಲಸಕ್ಕೆ ಇದು ಒಗ್ಗಿಯಾಗಿದೆ. ಕ್ಷಣಕ್ಷಣವೂ ಬರಹ ಬೀಳುವ ಪಾವತಿ, ಬುಕಿಂಗ್‌ಗಳಿಗೆ ಪ್ರತಿ ಓದೂ ನೆಟ್‌ವರ್ಕ್ ದಾಟಿ ಬರಬೇಕಾದ ವಿಳಂಬ ಇನ್ನೂ ಅಡ್ಡಿಯಾಗಿಯೇ ಇದೆ, ಅಲ್ಲಿ ಕಂಪ್ಯಾಕ್ಷನ್‌ನ್ನಷ್ಟೇ ಹೊರಗಿನ ಒಂದು ಯಂತ್ರಕ್ಕೆ ವಹಿಸಿ ಅದರ ಫಲವನ್ನು ಮೂರೂ ಪ್ರತಿಗಳಿಗೆ ಕೊಡುವ ಪ್ರಯತ್ನಗಳನ್ನು ಗಮನವಿಟ್ಟು ನೋಡಬೇಕು.